ಕಣ್ಣಿಗೆ ದಕ್ಕದ ಪುಸ್ತಕ ಕಿವಿಗೆ

ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿಗೆ ಹೊರಟ ಲೋಕಲ್‌ನ ಅಂಗವಿಕಲರ ಡಬ್ಬಿಯಲ್ಲಿ ಬಿಳಿಕೋಲು ಮಡಚಿಟ್ಟುಕೊಂಡು ಕೂತವರ ಕಿವಿಯಲ್ಲಿ ಇಯರ್‌ಫೋನ್ ಕಂಡರೆ, ಹಾಡು ಕೇಳುತ್ತಿದ್ದಾರೆ ಎಂದುಕೊಳ್ಳುತ್ತೇವೆ. ಅದು ಪುಸ್ತಕವೂ ಆಗಿರಬಹುದು. ನಾಳಿನ ಪರೀಕ್ಷೆಯ ಪಾಠವೋ, ನಿನ್ನೆ ರಾತ್ರಿ ಅರ್ಧಕ್ಕೆ ನಿಂತ ಕಾದಂಬರಿಯೋ, ಒಂದು ಪೈಸೆ ಕೊಡದೆ ಗ್ರಂಥಾಲಯದಿಂದ ಪಡೆದದ್ದು.

ಇದೇನೂ ಮೊಬೈಲ್ ಕಾಲದ ಸೋಜಿಗವಲ್ಲ. ಬ್ರಿಟನ್ನಿನಲ್ಲಿ 1935ರಲ್ಲೇ ಅಂಧರಿಗಾಗಿ ಗ್ರಾಮಫೋನ್ ತಟ್ಟೆಗಳಲ್ಲಿ ಪುಸ್ತಕಗಳು ಬಂದಿದ್ದವು. ಮುಂಬಯಿಯಲ್ಲಿ 1952ರಲ್ಲಿ ಹುಟ್ಟಿದ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್, ಎಂದರೆ ಎಲ್ಲರ ಬಾಯಲ್ಲಿರುವ ‘ನ್ಯಾಬ್’, ಕ್ಯಾಸೆಟ್ ಕಾಲದಿಂದಲೂ ಟಾಕಿಂಗ್ ಬುಕ್ ಗ್ರಂಥಾಲಯ ನಡೆಸಿದೆ. ಇಂಥ ಪುಸ್ತಕಗಳು ಅಂಚೆಯಲ್ಲಿ ಹೋಗುವಾಗಲೂ, ಅಂಧರ ಸಾಹಿತ್ಯದ ಪೊಟ್ಟಣ 7 ಕಿಲೋ ಮೀರದಿದ್ದರೆ ಅಂಚೆ ಇಲಾಖೆ ಸ್ಟಾಂಪು ಕೇಳುವುದಿಲ್ಲ.

ಕ್ಯಾಸೆಟ್ಟಿನಲ್ಲಿ ಹದಿನೈದನೆಯ ಅಧ್ಯಾಯ ಬೇಕೆಂದರೆ ಟೇಪು ಓಡಿಸಿ, ನಿಲ್ಲಿಸಿ, ಕೇಳಿ, ಮತ್ತೆ ಓಡಿಸಬೇಕಿತ್ತು. ‘ಡೇಸಿ’ ಮಾದರಿ ಈ ಕಷ್ಟ ತಪ್ಪಿಸಿತು. ಇದರಲ್ಲಿ ಧ್ವನಿಯ ಜೊತೆಗೇ ಅಧ್ಯಾಯ, ಉಪಶೀರ್ಷಿಕೆ, ಪುಟಸಂಖ್ಯೆಗಳನ್ನು ಪೋಣಿಸಿರುತ್ತಾರೆ. ಮೇಷ್ಟ್ರು ‘ಪುಟ 112 ತೆಗೆಯಿರಿ’ ಎಂದರೆ ಅಂಧ ವಿದ್ಯಾರ್ಥಿಯೂ ಉಳಿದವರ ಜೊತೆಗೇ ಆ ಪುಟಕ್ಕೆ ಹೋಗಬಲ್ಲ. ಬೇಕಾದಲ್ಲಿ ಗುರುತು ಹಾಕಿಕೊಳ್ಳಬಹುದು, ಓದಿನ ವೇಗವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಯಂತ್ರದ ತೊಡಕಿಗಿಂತ ಕಾನೂನಿನ ತೊಡಕು ದೊಡ್ಡದಿತ್ತು. ಒಂದೊಂದು ಪುಸ್ತಕಕ್ಕೂ ಪ್ರಕಾಶಕರ ಒಪ್ಪಿಗೆಗೆ ಕಾಯಬೇಕಿತ್ತು. ಅಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತಿತ್ತು. ಇದರ ವಿರುದ್ಧ ದನಿ ಎತ್ತಿದವರಲ್ಲಿ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಸಂಪನ್ಮೂಲ ಕೇಂದ್ರವೂ ಒಂದು. ದೃಷ್ಟಿದೋಷವಿರುವ ಸಮಾಜಶಾಸ್ತ್ರದ ಪ್ರಾಧ್ಯಾಪಕ ಸ್ಯಾಮ್ ತಾರಾಪೋರವಾಲಾ 2003ರಲ್ಲಿ ಕಟ್ಟಿದ ಕೇಂದ್ರವದು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಅಂಗವಿಕಲರಿಗಾಗಿ ಲಾಭದಾಸೆಯಿಲ್ಲದೆ ದುಡಿಯುವ ಸಂಸ್ಥೆಗಳು ಅನುಮತಿಗೆ ಕಾಯದೆ ಪುಸ್ತಕವನ್ನು ಓದಬಲ್ಲ ರೂಪಕ್ಕೆ ತರಬಹುದು ಎಂದಾಯಿತು. ಗಡಿ ದಾಟಿ ಇಂಥ ಪುಸ್ತಕ ಹಂಚಿಕೊಳ್ಳಲು ಅವಕಾಶ ಕೊಡುವ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಸ್ಥಿರೀಕರಿಸಿದ ದೇಶ ಭಾರತ. ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಈ ಸಂಗತಿ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತೇ ಇಲ್ಲ. 2016ರಲ್ಲಿ ಶುರುವಾದ ‘ಸುಗಮ್ಯ ಪುಸ್ತಕಾಲಯ’ ಬೇರೆ ಬೇರೆ ಸಂಸ್ಥೆಗಳ ಸಂಗ್ರಹವನ್ನು ಆನ್‌ಲೈನಿನಲ್ಲಿ ಒಂದೇ ಕಡೆ ಸೇರಿಸಿತು.

ಈ ಸೌಲಭ್ಯ ಪೂರ್ತಿ ಕಣ್ಣು ಕಾಣದವರಿಗೆ ಮಾತ್ರವೆಂದು ತಿಳಿದವರು ಬಹಳ. ಹಾಗಲ್ಲ. ಗ್ಲಾಕೋಮಾದಿಂದಲೋ ಸಕ್ಕರೆ ಕಾಯಿಲೆಯಿಂದಲೋ ನೋಟ ತೀರ ಕುಂದಿದ ಹಿರಿಯರು, ಅಕ್ಷರಗಳು ಕಲಸಿಹೋಗುವ ಡಿಸ್ಲೆಕ್ಸಿಯಾದ ಮಕ್ಕಳು, ಪುಸ್ತಕ ಹಿಡಿದು ಪುಟ ತಿರುವಲಾಗದವರು, ಇವರಿಗೂ ಹಕ್ಕಿದೆ. ಬೇಕಾದದ್ದು ಒಂದು ಪ್ರಮಾಣಪತ್ರ. ಮಕ್ಕಳ ಕಲಿಕಾ ತೊಂದರೆಯ ತಪಾಸಣೆ ಮುಂಬಯಿಯ ಸಯನ್, ನಾಯರ್‌ನಂಥ ಪಾಲಿಕೆ ಆಸ್ಪತ್ರೆಗಳಲ್ಲಿ ನಡೆಯುತ್ತದೆ.

ಒಂದು ಪುಸ್ತಕ ದನಿಯಾಗಲು ಎಷ್ಟು ದುಡಿಮೆ ಬೇಕು! ಓದುವವರು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಕೂರಬೇಕು. ಚಿತ್ರ ಬಂದರೆ ಅದರಲ್ಲೇನಿದೆ ಎಂದು ವಿವರಿಸಬೇಕು, ಕೋಷ್ಟಕವನ್ನು ಸಾಲು ಸಾಲಾಗಿ ಹೇಳಬೇಕು. ನಾಲಿಗೆ ತೊಡರಿದರೆ ವಾಕ್ಯದ ಮೊದಲಿಗೇ ಹಿಂತಿರುಗಬೇಕು. ಆಮೇಲೆ ಇನ್ನೊಬ್ಬರು ಮೂಲದೊಂದಿಗೆ ತಾಳೆ ನೋಡುತ್ತಾರೆ. ಇದರಲ್ಲಿ ಬಹುಪಾಲು ಸ್ವಯಂಸೇವಕರ ಕೆಲಸ.

ಪುಸ್ತಕ ಕೇಳುವುದು ಕನ್ನಡಿಗರಿಗೆ ಹೊಸದಲ್ಲ. ಕುಮಾರವ್ಯಾಸ ಅಕ್ಷರ ಬಾರದವರ ಮನೆಗೂ ತಲುಪಿದ್ದು ಗಮಕಿಗಳ ಬಾಯಿಂದಲೇ. ಬೆಂಗಳೂರಿನಲ್ಲಿ, ಸ್ವತಃ ದೃಷ್ಟಿಯಿಲ್ಲದ ಮಧು ಸಿಂಘಾಲ್ 1990ರಲ್ಲಿ ಕಟ್ಟಿದ ಮಿತ್ರಜ್ಯೋತಿ ಕನ್ನಡ ಧ್ವನಿಪುಸ್ತಕಗಳನ್ನೂ ತಯಾರಿಸುತ್ತದೆ. ಆದರೂ ಇಂಗ್ಲಿಷ್, ಹಿಂದಿಯ ಪಕ್ಕದಲ್ಲಿ ಕನ್ನಡದ ಕಪಾಟು ಚಿಕ್ಕದು. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳರು ಬದುಕಿ ಬರೆದ ಊರು ಈ ಮುಂಬಯಿ; ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘಗಳ ವೇದಿಕೆಯಲ್ಲಿ ಪಳಗಿದ ನಾಟಕದ ದನಿಗಳಿಗೆ ಇಲ್ಲೇನು ಬರ? ಆ ದನಿಗಳು ಧ್ವನಿಮುದ್ರಣದ ಕೋಣೆಗೂ ಬರಬೇಕು. ನಿಮ್ಮ ಮನೆಯಲ್ಲಿ ಕಣ್ಣು ಮಂಜಾಗಿ ಪುಸ್ತಕ ಕೈಬಿಟ್ಟ ಹಿರಿಯರಿದ್ದರೆ ಇಂಥ ಗ್ರಂಥಾಲಯದ ಸದಸ್ಯತ್ವ ಮಾಡಿಸಿಕೊಡಿ. ಸ್ಪಷ್ಟವಾಗಿ ಕನ್ನಡ ಓದಬಲ್ಲಿರಾದರೆ ಈ ಸಂಸ್ಥೆಗಳನ್ನು ಸಂಪರ್ಕಿಸಿ, ವಾರಕ್ಕೆ ಒಂದೆರಡು ಗಂಟೆ ಕೊಡಲು ಒಪ್ಪಿಕೊಳ್ಳಿ.