ಮಕ್ಕಳ ಬೆನ್ನೆಲುಬೂ ಸಾರ್ವಜನಿಕ ದ್ರವ್ಯವೂ

ಮಗುವಿನ ಬೆನ್ನನ್ನು ನೋಡುವುದಕ್ಕೆ ಎಷ್ಟು ಹಣ ಬೇಕೆಂದು ಕೇಳಿದರೆ ವಾಚಕರು ನಗಬಹುದು. ಮಗುವು ಕಾಲುಗಳನ್ನು ಜೋಡಿಸಿ, ಕೈಗಳನ್ನು ಇಳಿಬಿಟ್ಟು, ಸೊಂಟದಿಂದ ಮುಂದಕ್ಕೆ ಬಾಗಬೇಕು. ನೋಡುವವರು ಹಿಂದೆ ನಿಂತಿರಬೇಕು. ಬೆನ್ನಿನ ಒಂದು ಪಾರ್ಶ್ವವು ಮತ್ತೊಂದಕ್ಕಿಂತ ಉಬ್ಬಿ ಕಂಡರೆ, ಬೆನ್ನೆಲುಬು ಪಕ್ಕಕ್ಕೆ ವಾಲಿ ತಿರುಚಿಕೊಂಡಿರಬಹುದೆಂದು ಶಂಕಿಸತಕ್ಕದ್ದು. ಲಂಡನ್ನಿನ ಶಸ್ತ್ರವೈದ್ಯರಾದ ವಿಲಿಯಂ ಆಡಮ್ಸ್ ಎಂಬವರು 1865ರಲ್ಲಿ ವಿವರಿಸಿದ ಈ ಪರೀಕ್ಷೆಗೆ ಒಂದು ನಿಮಿಷ ಸಾಕು. ಆದರೆ ಈ ಒಂದು ನಿಮಿಷವನ್ನು ಶಾಸನದಿಂದ ಕಡ್ಡಾಯ ಮಾಡಿದ ಕಡೆ ಲೆಕ್ಕವು ಎಲ್ಲಿಗೆ ಹೋಗಿ ಮುಟ್ಟಿತೆಂಬುದು ವಿಚಾರಾರ್ಹವಾಗಿದೆ.

ಈ ವಕ್ರತೆಗೆ ವೈದ್ಯರು ಸ್ಕೋಲಿಯೋಸಿಸ್ ಎನ್ನುವರು. ಹತ್ತರಿಂದ ಹದಿನಾರು ವರ್ಷದ ಮಕ್ಕಳಲ್ಲಿ ನೂರಕ್ಕೆ ಇಬ್ಬರು ಮೂವರಿಗೆ ಇದು 10 ಡಿಗ್ರಿಗಳನ್ನು ಮೀರಿರುವುದುಂಟು. ಹೆಚ್ಚಿನವರಲ್ಲಿ ಕಾರಣವೇ ತಿಳಿಯದು. ಪುಸ್ತಕದ ಚೀಲದ ಭಾರದಿಂದಾಗಲಿ ಬಗ್ಗಿ ಕುಳಿತು ಓದಿದ್ದರಿಂದಾಗಲಿ ಬಂದುದಲ್ಲ. ತಾಯಂದಿರು ತಮ್ಮನ್ನು ಹಳಿದುಕೊಳ್ಳಬೇಕಾಗಿಲ್ಲ. ಬಹುಮಂದಿಯಲ್ಲಿ ಅದು ಅಷ್ಟಕ್ಕೇ ನಿಲ್ಲುತ್ತದೆ. ಕೆಲವರಲ್ಲಿ, ಅದರಲ್ಲಿಯೂ ಹೆಣ್ಣುಮಕ್ಕಳಲ್ಲಿ, ಮೈ ಬೆಳೆಯುವ ಕಾಲಕ್ಕೆ ವಕ್ರತೆಯೂ ಬೆಳೆದು 50 ಡಿಗ್ರಿಯನ್ನು ಮುಟ್ಟುವುದು. ಆಗ ಲೋಹದ ಸರಳುಗಳನ್ನು ಕೂಡಿಸುವ ದೊಡ್ಡ ಶಸ್ತ್ರಕ್ರಿಯೆಯ ಮಾತು ಬರುತ್ತದೆ.

ಈ ಕೆಲವರನ್ನು ಮೊದಲೇ ಹುಡುಕಬೇಕೆಂಬ ಸದುದ್ದೇಶದಿಂದ ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1960ರ ದಶಕದಿಂದ ಶಾಲಾ ಪರೀಕ್ಷೆಗಳು ಆರಂಭವಾದುವು. ಮುಂದೆ ಹಲವು ಸಂಸ್ಥಾನಗಳು ಅದಕ್ಕೆ ಶಾಸನವನ್ನೂ ಮಾಡಿದುವು. ಶಾಸನವು ಆಜ್ಞಾಪಿಸಿದ್ದು ನೋಟವನ್ನು. ನೋಟದ ಹಿಂದೆ ಬರುವ ತಜ್ಞರ ಸಂದರ್ಶನ, ಕ್ಷ-ಕಿರಣದ ಚಿತ್ರ, ತಂದೆತಾಯಿಗಳು ಕಳೆದುಕೊಳ್ಳುವ ಒಂದು ದಿನದ ದುಡಿಮೆ, ಇವು ಬಹುಮಟ್ಟಿಗೆ ಮನೆಯವರ ಮತ್ತು ವಿಮೆಯವರ ಲೆಕ್ಕಕ್ಕೆ ಬೀಳತಕ್ಕವು.

ಮಿನ್ನೆಸೋಟಾ ಸಂಸ್ಥಾನದ ರಾಚೆಸ್ಟರ್ ಪಟ್ಟಣದಲ್ಲಿ ಕೆಲವು ವೈದ್ಯರು ಈ ಲೆಕ್ಕವನ್ನು ತಾಳ್ಮೆಯಿಂದ ಬಿಡಿಸಿ 1999ರಲ್ಲಿ ಪ್ರಕಟಿಸಿದರು. ಶಾಲೆಯಲ್ಲಿ ಪರೀಕ್ಷೆಗೊಳಗಾದ ಮಕ್ಕಳು 2,242. ವೈದ್ಯರಲ್ಲಿಗೆ ಹೋಗಿರೆಂದು ಕಾಗದ ಪಡೆದವರು 92. ಅವರೊಳಗೆ ಕಡೆಗೆ ಚಿಕಿತ್ಸೆ ಪಡೆದವರು ಐದೇ ಮಂದಿ. ಅದೇ ಮಕ್ಕಳ ಗುಂಪಿನಲ್ಲಿ ಇನ್ನೂ ನಾಲ್ವರಿಗೆ ಚಿಕಿತ್ಸೆಯಾಯಿತಾದರೂ ಅವರನ್ನು ಕಂಡುಹಿಡಿದದ್ದು ಶಾಲೆಯಲ್ಲ. ಚಿಕಿತ್ಸೆಗೆ ಬಂದ ಒಂದೊಂದು ಮಗುವನ್ನು ಹುಡುಕಲು 10,000 ಡಾಲರಿಗೆ ಮೇಲ್ಪಟ್ಟು ವೆಚ್ಚವಾಗಿತ್ತೆಂದು ಅನಂತರದ ಗಣನೆಯಿಂದ ತಿಳಿದುಬಂದಿತು.

ಹಣದ ಲೆಕ್ಕಕ್ಕೆ ಸಿಕ್ಕದ ವೆಚ್ಚವೂ ಒಂದುಂಟು. 1912ರಿಂದ 1965ರವರೆಗೆ ಈ ವ್ಯಾಧಿಗಾಗಿ ಪದೇಪದೇ ಕ್ಷ-ಕಿರಣಕ್ಕೆ ಒಳಗಾದ ಹೆಂಗಸರಲ್ಲಿ ಸ್ತನದ ಅರ್ಬುದದಿಂದಾದ ಮರಣಗಳು ಸಾಮಾನ್ಯಕ್ಕಿಂತ ಹೆಚ್ಚಾಗಿದ್ದುವೆಂದು ಗೊತ್ತಾಗಿದೆ. ಈಗಿನ ಯಂತ್ರಗಳ ಕಿರಣವು ಆಗಿನದಕ್ಕಿಂತ ಬಹಳ ಕಡಮೆ. ಆದರೂ ವೃಥಾ ಚಿತ್ರ ತೆಗೆಸುವುದು ಒಳ್ಳೆಯದಲ್ಲ.

ಇಷ್ಟನ್ನೆಲ್ಲ ತೂಗಿನೋಡಿ ಆ ದೇಶದ ರೋಗನಿವಾರಣ ಸೇವೆಗಳ ತಜ್ಞಮಂಡಲಿಯು 2004ರಲ್ಲಿ, ರೋಗಲಕ್ಷಣವಿಲ್ಲದ ಮಕ್ಕಳನ್ನೆಲ್ಲ ಹೀಗೆ ಪರೀಕ್ಷಿಸುವುದು ಬೇಡವೆಂದೇ ಹೇಳಿತು. ಅಲ್ಲಿಗೆ ವಿಷಯ ಮುಗಿಯಿತೆಂದು ಹಲವರು ಭಾವಿಸಿದ್ದರು. ಆದರೆ ಅಷ್ಟು ಹೊತ್ತಿಗೆ, ಮೊದಲೇ ಕಂಡುಹಿಡಿದರೆ ಕೊಡುವ ಚಿಕಿತ್ಸೆಯು, ಎಂದರೆ ಮೈಗೆ ತೊಡಿಸುವ ಗಟ್ಟಿ ಕವಚವು, ನಿಜವಾಗಿ ಗುಣಕಾರಿಯೋ ಅಲ್ಲವೋ ಎಂಬುದನ್ನೇ ಯಾರೂ ಚೆನ್ನಾಗಿ ಒರೆಹಚ್ಚಿರಲಿಲ್ಲ! ಅಮೇರಿಕಾ ಮತ್ತು ಕೆನಡಾ ದೇಶಗಳ 25 ಆಸ್ಪತ್ರೆಗಳು ಕೂಡಿ ನಡೆಸಿದ ಪರೀಕ್ಷೆಯ ಫಲವು 2013ರಲ್ಲಿ ಹೊರಬಿದ್ದಿತು. ಕವಚ ತೊಟ್ಟವರಲ್ಲಿ ನೂರಕ್ಕೆ 72 ಮಂದಿ 50 ಡಿಗ್ರಿಯನ್ನು ಮುಟ್ಟದೆಯೇ ಬೆಳೆವಣಿಗೆಯನ್ನು ಮುಗಿಸಿದರು. ತೊಡದವರಲ್ಲಿ 48 ಮಂದಿ. ದಿನಕ್ಕೆ ಹೆಚ್ಚು ಗಂಟೆಗಳ ಕಾಲ ತೊಟ್ಟವರಿಗೆ ಹೆಚ್ಚು ಫಲ.

ಈ ಅಂಕೆಗಳನ್ನು ಎರಡು ಬಗೆಯಾಗಿ ಓದಬೇಕು. ತೊಡದಿದ್ದರೂ ಸುಮಾರು ಅರ್ಧದಷ್ಟು ಮಕ್ಕಳು ಪಾರಾಗುತ್ತಿದ್ದರು. ಅವರ ಪಾಲಿಗೆ ದಿನಕ್ಕೆ ಹದಿನೆಂಟು ಗಂಟೆಯ ಆ ಬಿಗಿತವು ಸುಮ್ಮನೆ ಪಟ್ಟ ಕಷ್ಟ. ಹದಿಮೂರರ ಹುಡುಗಿಗೆ ಅದೆಂತಹುದೆಂಬುದನ್ನು ಹೆಣ್ಣುಮಕ್ಕಳನ್ನು ಸಾಕಿದವರಿಗೆ ಹೇಳಬೇಕಾಗಿಲ್ಲ. ಇನ್ನೊಂದು ಕಡೆ, ನಾಲ್ವರಿಗೆ ತೊಡಿಸಿದರೆ ಒಬ್ಬಳು ಶಸ್ತ್ರಕ್ರಿಯೆಯ ಮಟ್ಟದಿಂದ ಉಳಿದಳು. ರಾಚೆಸ್ಟರಿನ ದರವನ್ನು ಹಿಡಿದರೆ, ಆ ಒಬ್ಬಳಿಗಾಗಿ ಹುಡುಕಾಟಕ್ಕೇ ನಾಲ್ವತ್ತು ಸಾವಿರ ಡಾಲರಿಗೆ ಮೇಲ್ಪಟ್ಟು ತಗಲಿದಂತಾಯಿತು.

ಇದು ಹೆಚ್ಚೋ ಕಡಮೆಯೋ? ತಜ್ಞಮಂಡಲಿಯು 2018ರಲ್ಲಿ ತನ್ನ ನಿಷೇಧವನ್ನು ಹಿಂತೆಗೆದುಕೊಂಡಿತು. ಆದರೆ ಮಾಡಿರೆಂದೂ ಹೇಳಲಿಲ್ಲ, ಆಧಾರಗಳು ಸಾಲವೆಂದಿತು. ಬ್ರಿಟನ್ನಿನ ಸಮಿತಿಯು ಇಂತಹ ಪರೀಕ್ಷೆಗೆ ಒಪ್ಪಿಲ್ಲ. ಹಾಂಗ್‌ಕಾಂಗಿನಲ್ಲಿಯಾದರೋ 1995ರಿಂದ ಬೇರೆ ಕ್ರಮವಿದೆ: ಬಾಗಿಸಿ ನೋಡಿದ ಮೇಲೆ ಬೆನ್ನಿನ ಓರೆಯನ್ನು ಅಳತೆಯ ಉಪಕರಣದಿಂದ ಅಳೆದು, ಸಂದೇಹ ಉಳಿದವರನ್ನು ಮತ್ತೊಮ್ಮೆ ಸೋಸಿ, ಅನಂತರವೇ ಕ್ಷ-ಕಿರಣಕ್ಕೆ ಕಳುಹಿಸುವರು.

ನನಗೆ ಈ ಎರಡನೆಯ ಜರಡಿಯೇ ಮುಖ್ಯವಾಗಿ ತೋರುತ್ತದೆ. ಅಮೇರಿಕದ ಮೂಳೆವೈದ್ಯರ ಮತ್ತು ಶಿಶುವೈದ್ಯರ ಸಂಘಗಳು ಹೆಣ್ಣುಮಕ್ಕಳನ್ನು ಹತ್ತನೆಯ ಮತ್ತು ಹನ್ನೆರಡನೆಯ ವಯಸ್ಸಿನಲ್ಲಿ ಎರಡು ಸಲ, ಗಂಡುಮಕ್ಕಳನ್ನು ಹದಿಮೂರು ಅಥವಾ ಹದಿನಾಲ್ಕರಲ್ಲಿ ಒಂದು ಸಲ ನೋಡಿದರೆ ಸಾಕೆನ್ನುತ್ತವೆ. ಆ ಮಿತಿಯಲ್ಲಿ, ಅಳೆಯಲು ಕಲಿತ ದಾದಿಯಿಂದ ಮಾಡಿಸಿದರೆ ಕಾಗದ ಪಡೆಯುವ 92 ಮನೆಗಳು ಕಡಮೆಯಾದಾವು. ಉಳಿದವರಿಗೆ ಕ್ಷ-ಕಿರಣದ ಹಣವನ್ನು ಯಾರು ಕೊಡಬೇಕೆಂಬುದನ್ನೂ ಶಾಸನದಲ್ಲಿಯೇ ಬರೆಯಬೇಕು.