ಜೊಲ್ಲುಗ್ರಂಥಿಯ ಹರಳು: ಶಸ್ತ್ರಚಿಕಿತ್ಸೆ ಮತ್ತು ನಂತರದ ಆರೈಕೆ

ಊಟಕ್ಕೆ ಕುಳಿತು ಮೊದಲ ತುತ್ತು ಬಾಯಿಗಿಡುತ್ತಿದ್ದಂತೆಯೇ ನಿಮ್ಮ ದವಡೆಯ ಕೆಳಗೆ ಒಂದು ಬದಿಯಲ್ಲಿ ಬಾವು ಏಳುತ್ತದೆಯೇ? ಬಿಗಿದು ನೋಯುತ್ತದೆಯೇ? ಊಟವಾಗಿ ಒಂದೆರಡು ತಾಸಿನಲ್ಲಿ ತಾನಾಗಿಯೇ ಇಳಿಯುತ್ತದೆಯೇ? ಹಾಗಿದ್ದರೆ ಅದು ಜೊಲ್ಲುಗ್ರಂಥಿಯ ಹರಳು ಇರಬಹುದು.

ಅನೇಕರು ಇದನ್ನು ಹಲ್ಲುನೋವು ಅಥವಾ ಮಂಗನಬಾವು ಎಂದು ತಿಳಿದು ಲೇಪ ಹಚ್ಚುತ್ತಾರೆ. ಕೆಲವರು ಬರೆಯನ್ನೂ ಹಾಕಿಸಿಕೊಳ್ಳುತ್ತಾರೆ. ಬಾವು ಇಳಿದಾಗ ರೋಗ ವಾಸಿಯಾಯಿತೆಂದು ಸುಮ್ಮನಾಗುತ್ತಾರೆ. ಆದರೆ ಹರಳು ಒಳಗೇ ಉಳಿದಿರುತ್ತದೆ. ಬೇಗ ಬಂದರೆ ಅನೇಕ ಸಲ ಹರಳನ್ನಷ್ಟೇ ತೆಗೆದು ಗ್ರಂಥಿಯನ್ನು ಉಳಿಸಬಹುದು. ತಡಮಾಡಿದರೆ ಗ್ರಂಥಿಯನ್ನೇ ತೆಗೆಯಬೇಕಾಗಬಹುದು.

ಹರಳು ಏಕೆ ಆಗುತ್ತದೆ?

ನಮ್ಮ ಬಾಯಿಗೆ ಜೊಲ್ಲನ್ನು ಒದಗಿಸುವ ಮೂರು ಜೊತೆ ದೊಡ್ಡ ಗ್ರಂಥಿಗಳಿವೆ. ಒಂದು ಜೊತೆ ಕಿವಿಯ ಮುಂದೆ, ಒಂದು ಜೊತೆ ದವಡೆಯ ಕೆಳಗೆ, ಇನ್ನೊಂದು ಜೊತೆ ನಾಲಿಗೆಯ ಅಡಿಯಲ್ಲಿ ಇರುತ್ತವೆ. ನೂರು ಹರಳುಗಳಲ್ಲಿ ಸುಮಾರು 80 ದವಡೆಯ ಕೆಳಗಿನ ಗ್ರಂಥಿಯಲ್ಲಿಯೇ ಆಗುತ್ತವೆ. ಈ ಗ್ರಂಥಿಯ ಜೊಲ್ಲು ಮಂದವಾಗಿರುತ್ತದೆ. ಅದರ ನಾಳವೂ ಸುಮಾರು 5 ಸೆಂ.ಮೀ. ಉದ್ದವಿದ್ದು, ಜೊಲ್ಲು ಕೆಳಗಿನಿಂದ ಮೇಲಕ್ಕೆ ಏರಿ ಬರಬೇಕು. ಹೀಗಾಗಿ ಜೊಲ್ಲು ನಿಂತು, ಅದರಲ್ಲಿನ ಸುಣ್ಣದ ಅಂಶ ಪದರ ಪದರವಾಗಿ ಗಟ್ಟಿಯಾಗುತ್ತದೆ. ನೀರು ಕಡಿಮೆ ಕುಡಿಯುವುದು ಮತ್ತು ಬಾಯಿ ಒಣಗಿಸುವ ಕೆಲವು ಔಷಧಿಗಳು ಇದಕ್ಕೆ ಸಹಾಯಕವಾಗುತ್ತವೆ. ಹಾಲು, ರಾಗಿ ತಿಂದದ್ದರಿಂದ ಹರಳಾಯಿತೆಂದು ಅವನ್ನು ಬಿಡಬೇಕಾಗಿಲ್ಲ.

ಊಟದ ಹೊತ್ತಿಗೆ ಜೊಲ್ಲು ಹೆಚ್ಚು ಸುರಿಯುತ್ತದೆ. ದಾರಿಗೆ ಹರಳು ಅಡ್ಡವಿದ್ದಾಗ ಗ್ರಂಥಿ ಉಬ್ಬಿ ನೋಯುತ್ತದೆ. ನಿಂತ ಜೊಲ್ಲಿಗೆ ಸೋಂಕು ತಗುಲಿದರೆ ಜ್ವರ ಬಂದು, ನಾಲಿಗೆಯ ಅಡಿಯಿಂದ ಕೀವು ಬರಬಹುದು.

ಚಿಕಿತ್ಸೆ ಏನು?

ವೈದ್ಯರು ಬಾಯಿಯೊಳಗೆ ಬೆರಳಿಟ್ಟು ಮುಟ್ಟಿ ನೋಡುತ್ತಾರೆ. ಅಗತ್ಯವಿದ್ದಂತೆ ಎಕ್ಸ್-ರೇ, ಸ್ಕ್ಯಾನಿಂಗ್ ಮಾಡಿಸುತ್ತಾರೆ. ನಂತರ ಚಿಕಿತ್ಸೆಯನ್ನು ನಿರ್ಧರಿಸುತ್ತಾರೆ.

1. ಸಣ್ಣ ಹರಳು: ಹೆಚ್ಚು ನೀರು ಕುಡಿಯುವುದು, ನಿಂಬೆಹುಳಿ ಚೀಪುವುದು, ಬಿಸಿ ಶಾಖ ಕೊಟ್ಟು ಗ್ರಂಥಿಯನ್ನು ಹಿಂದಿನಿಂದ ಮುಂದಕ್ಕೆ ಮೃದುವಾಗಿ ನೀವುವುದು. ಇಷ್ಟರಿಂದಲೇ ಕೆಲವೊಮ್ಮೆ ಹರಳು ಹೊರಬೀಳುತ್ತದೆ.

2. ನಾಳದ ಮುಂಭಾಗದ ಹರಳು: ಸಾಮಾನ್ಯವಾಗಿ ಆ ಭಾಗವನ್ನಷ್ಟೇ ಮರಗಟ್ಟಿಸಿ, ನಾಲಿಗೆಯ ಅಡಿಯಲ್ಲಿ ಸಣ್ಣದಾಗಿ ಕೊಯ್ದು ತೆಗೆಯುತ್ತಾರೆ. ಹೊರಗೆ ಗಾಯವಿರುವುದಿಲ್ಲ.

3. ದುರ್ಬೀನು ವಿಧಾನ: ಸೌಲಭ್ಯವಿರುವ ದೊಡ್ಡ ಕೇಂದ್ರಗಳಲ್ಲಿ ಕೂದಲೆಳೆಯಂಥ ದುರ್ಬೀನನ್ನು ನಾಳದೊಳಗೆ ತೂರಿಸಿ ಸಣ್ಣ ಹರಳುಗಳನ್ನು ಹಿಡಿದು ತೆಗೆಯುತ್ತಾರೆ.

4. ಗ್ರಂಥಿಯನ್ನು ತೆಗೆಯುವುದು: ಬೇರೆ ವಿಧಾನದಿಂದ ತೆಗೆಯಲಾಗದಷ್ಟು ಆಳದಲ್ಲಿ ಹರಳಿದ್ದರೆ ಅಥವಾ ಮತ್ತೆ ಮತ್ತೆ ಸೋಂಕಾಗಿ ಗ್ರಂಥಿ ಕೆಟ್ಟಿದ್ದರೆ ಪೂರ್ಣ ಅರಿವಳಿಕೆ ಕೊಟ್ಟು, ಕುತ್ತಿಗೆಯಲ್ಲಿ ದವಡೆಗಿಂತ ಎರಡು ಬೆರಳು ಕೆಳಗೆ ಕೊಯ್ದು ತೆಗೆಯುತ್ತಾರೆ. ಒಂದು ಗ್ರಂಥಿ ಹೋದರೆ ಬಾಯಿ ಒಣಗಿಬಿಡುತ್ತದೆಂಬ ಭಯ ಬೇಡ. ಉಳಿದ ಗ್ರಂಥಿಗಳು ಆ ಕೆಲಸವನ್ನು ನಿರ್ವಹಿಸುತ್ತವೆ.

ಈ ಜಾಗದಲ್ಲಿ ಕೆಳತುಟಿಯನ್ನು ಆಡಿಸುವ ನರ ಮತ್ತು ನಾಲಿಗೆಯ ನರಗಳು ಹಾದುಹೋಗುತ್ತವೆ. ಎಚ್ಚರಿಕೆ ವಹಿಸಿದರೂ ಕೆಲವರಲ್ಲಿ ತುಟಿಯ ತುದಿ ಸ್ವಲ್ಪ ಓರೆಯಾಗುವುದು, ನಾಲಿಗೆ ಜೋಮು ಹಿಡಿಯುವುದು ಕಂಡುಬರುತ್ತದೆ. ಬಹುತೇಕ ಇದು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸರಿಹೋಗುತ್ತದೆ. ಅಪರೂಪಕ್ಕೆ ಶಾಶ್ವತವಾಗಿ ಉಳಿಯಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮೊದಲು ಇದನ್ನು ವೈದ್ಯರಿಂದ ಚೆನ್ನಾಗಿ ಕೇಳಿ ತಿಳಿದುಕೊಳ್ಳಿ.

ಶಸ್ತ್ರಚಿಕಿತ್ಸೆಗೆ ಮೊದಲು

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆಸ್ತಮಾ ಇದ್ದರೆ ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ತಪ್ಪದೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಗುಟ್ಕಾ, ಬೀಡಿ, ತಂಬಾಕು ಬಿಟ್ಟುಬಿಡಿ. ಪೂರ್ಣ ಅರಿವಳಿಕೆಗೆ ಖಾಲಿ ಹೊಟ್ಟೆ ಅವಶ್ಯ. “ಪಾಪ, ಹಸಿದಿದ್ದಾರೆ” ಎಂದು ಬಂಧುಗಳು ಚಹಾ, ಬಿಸ್ಕತ್ತು ಕೊಡಬಾರದು. ಅದರಿಂದ ಪ್ರಾಣಕ್ಕೆ ಅಪಾಯವಾಗಬಹುದು.

ನಂತರದ ಆರೈಕೆ

ಬಾಯಿಯೊಳಗೆ ಹರಳು ತೆಗೆದವರು ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಮರಗಟ್ಟಿದ್ದು ಬಿಡುವವರೆಗೆ ಬಿಸಿ ಪದಾರ್ಥ ಬೇಡ. ಅರಿವಿಲ್ಲದೆ ನಾಲಿಗೆ ಸುಟ್ಟುಕೊಳ್ಳುವುದುಂಟು. ಕೆಲವು ದಿನ ಗಂಜಿ, ಮೆತ್ತಗಿನ ಅನ್ನ, ಮಜ್ಜಿಗೆ ಸೇವಿಸಿ. ಖಾರ ಮತ್ತು ಗಟ್ಟಿ ರೊಟ್ಟಿ ಬೇಡ. ಮರುದಿನದಿಂದ ಊಟದ ನಂತರ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ.

ಗ್ರಂಥಿ ತೆಗೆದವರಿಗೆ ಕುತ್ತಿಗೆಯಲ್ಲಿ ರಕ್ತ, ನೀರು ಬಸಿಯಲು ಸಣ್ಣ ನಳಿಕೆ ಇಟ್ಟಿದ್ದರೆ ಸಾಮಾನ್ಯವಾಗಿ 1-2 ದಿನಗಳಲ್ಲಿ ತೆಗೆಯುತ್ತಾರೆ. ಸುಮಾರು ಒಂದು ವಾರಕ್ಕೆ ಹೊಲಿಗೆ ಬಿಚ್ಚುತ್ತಾರೆ. ಗಾಯ ಒಣಗಿರಲಿ, ಅರಿಶಿನ, ಎಣ್ಣೆ, ಸುಣ್ಣ ಹಚ್ಚಬೇಡಿ. ಎರಡು ವಾರ ಭಾರ ಎತ್ತಬೇಡಿ. ತೆಗೆದ ಗ್ರಂಥಿಯನ್ನು ಪ್ರಯೋಗಾಲಯಕ್ಕೆ ಕಳಿಸುವುದು ವಾಡಿಕೆ. ಅದರಿಂದ ಗಾಬರಿಯಾಗಬೇಡಿ, ಆದರೆ ವರದಿಯನ್ನು ತಪ್ಪದೆ ತೋರಿಸಿ.

ತಡಮಾಡದೆ ಆಸ್ಪತ್ರೆಗೆ ಬನ್ನಿ

ಕುತ್ತಿಗೆಯ ಬಾವು ಬೇಗ ಬೇಗ ಏರುತ್ತಿದ್ದರೆ, ಉಸಿರಾಡಲು ಅಥವಾ ಎಂಜಲು ನುಂಗಲು ಕಷ್ಟವಾದರೆ, ನಾಲಿಗೆ ಮೇಲಕ್ಕೆ ಒತ್ತಿದಂತಾದರೆ, ರಕ್ತ ನಿಲ್ಲದಿದ್ದರೆ ಬೆಳಗಾಗಲೆಂದು ಕಾಯಬೇಡಿ. ಚಳಿಜ್ವರ, ಗಾಯದಲ್ಲಿ ಕೀವು ಕಂಡರೂ ಅದೇ ದಿನ ಬಂದು ತೋರಿಸಿ. ಶಸ್ತ್ರಚಿಕಿತ್ಸೆಯ ಮೊದಲ ರಾತ್ರಿ ಜೊತೆಗಿರುವವರು ಕುತ್ತಿಗೆಯ ಕಡೆ ಆಗಾಗ ಗಮನವಿಡಿ. ಸಂಶಯ ಬಂದ ಕೂಡಲೇ ದಾದಿಯರನ್ನು ಕರೆಯಿರಿ.

ಗ್ರಂಥಿ ಉಳಿದವರಲ್ಲಿ ಹರಳು ಮತ್ತೆ ಆಗಬಹುದು. ದಿನವಿಡೀ ಸಾಕಷ್ಟು ನೀರು ಕುಡಿಯಿರಿ, ಬಾಯಿಯನ್ನು ಶುಚಿಯಾಗಿಡಿ. ಊಟದ ಹೊತ್ತಿಗೆ ಬಾವು ಮತ್ತೆ ಕಂಡರೆ ಈ ಸಲ ದಿನ ದೂಡಬೇಡಿ. ನೋವಿಲ್ಲದ ಗಂಟೊಂದು ಇಳಿಯದೆ ಉಳಿದರೂ ತೋರಿಸಿಕೊಳ್ಳಿ. ಏನೇ ಸಂದೇಹವಿದ್ದರೂ ನಮ್ಮ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.