ಪೆಡಲ್ ಅಲುಗಾಡಿದರೆ ಹಾಲೂ ಒಡೆದೀತು!



ಕೆಚ್ಚಲು ಬಾವು, ಜಂತುನಾಶಕ, ಲಸಿಕೆ ಎಂದು ಬರೆಯುವ ನಾನು ಈ ಸಲ ಸೈಕಲ್ ರಿಪೇರಿ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಿದೆ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಿಂದ ಫೋನ್ ಬಂತು. "ಡಾಕ್ಟ್ರೇ, ವಾರದಲ್ಲಿ ಮೂರು ಸಲ ಹಾಲು ವಾಪಸ್ ಬಂತು. ಕಾಯಿಸಿದ್ರೆ ಒಡೀತದಂತೆ. ದನಕ್ಕೆ ಎಂತ ಆಗಿದ್ಯೋ, ಬಂದು ನೋಡಿ." ಹೋದೆ. ಎರಡು ಮಿಶ್ರತಳಿ ಹಸುಗಳು. ಪ್ರತಿ ಮೊಲೆಯ ಹಾಲನ್ನೂ ಸಿ.ಎಂ.ಟಿ. ತಟ್ಟೆಯಲ್ಲಿ ಬೇರೆ ಬೇರೆಯಾಗಿ ಪರೀಕ್ಷಿಸಿದೆ; ಯಾವುದೂ ಗಟ್ಟಿಯಾಗಲಿಲ್ಲ. ಕೆಚ್ಚಲು ಮೆತ್ತಗಿತ್ತು, ಜ್ವರವಿರಲಿಲ್ಲ, ಮೇವು ಚೆನ್ನಾಗಿ ತಿನ್ನುತ್ತಿದ್ದವು. ಪಾತ್ರೆಗಳೂ ಸ್ವಚ್ಛವಾಗಿದ್ದವು.

ಹೊರಡುವಾಗ ಜಗಲಿಗೆ ಒರಗಿಸಿದ್ದ ಸೈಕಲ್ಲಿಗೆ ನನ್ನ ಕಾಲು ತಾಗಿತು. ಪೆಡಲ್ ಇಷ್ಟಗಲ ಪಕ್ಕಕ್ಕೆ ವಾಲಿತು. ಆಗ ಯಜಮಾನರು ನಿಧಾನಕ್ಕೆ ಹೇಳಿದರು: "ಕತ್ತಲಲ್ಲಿ, ಇಳಿಜಾರಲ್ಲಿ ಕಳಚಿಬಿದ್ರೆ ಅಂತ ಹೆದರಿಕೆ. ಸಂಜೆ ಡೈರಿಗೆ ಹೋಗೋದು ಬಿಟ್ಟೆ. ಸಂಜೆ ಹಾಲು ಬೆಳಿಗ್ಗೆ ಹಾಲಿಗೆ ಸೇರಿಸಿ ಒಟ್ಟಿಗೇ ಒಯ್ತಿದ್ದೆ."

ರೋಗ ಸಿಕ್ಕಿತು. ಅದು ಹಸುವಿನದ್ದಲ್ಲ. ಕರೆದ ಹಾಲು ಎರಡು-ಮೂರು ಗಂಟೆಯೊಳಗೆ ತಂಪಾಗಬೇಕು. ರಾತ್ರಿಯಿಡೀ ಮನೆಯಲ್ಲೇ ಉಳಿದ ಹಾಲಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಹುಳಿ ಏರುತ್ತದೆ. ಅದನ್ನು ಬೆಳಗಿನ ತಾಜಾ ಹಾಲಿಗೆ ಬೆರೆಸಿದರೆ ಎರಡೂ ಹೋದಂತೆ.

ಸರ್ಕಾರ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಕೊಡಲಾರಂಭಿಸಿದ ಸೈಕಲ್‌ಗಳು ಇಂದು ಎಷ್ಟೋ ಮನೆಗಳಲ್ಲಿ ಹಾಲಿನ ಕ್ಯಾನ್ ಹೊರುತ್ತಿವೆ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುವ ನಮ್ಮ ತಾಲ್ಲೂಕಿನಲ್ಲಿ ಸೀಟಿನ ಕೊಳವೆಯಿಂದ ಇಳಿದ ನೀರು ನೇರ ಪೆಡಲ್ ಆಕ್ಸಲ್‌ಗೆ ಸೇರುತ್ತದೆ. ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ, ಗುಂಡುಗಳು ಸವೆಯುತ್ತವೆ, ಅಲುಗಾಟ ಶುರುವಾಗುತ್ತದೆ.

ಮೊದಲು ರೋಗಪತ್ತೆ

ಔಷಧಿಗೆ ಮುಂಚೆ ಪರೀಕ್ಷೆ ಎನ್ನುವುದು ಇಲ್ಲಿಯೂ ಸತ್ಯ. ಚೈನ್ ಕಳಚಿ, ಪೆಡಲ್ ಕೂರುವ ಉಕ್ಕಿನ ತೋಳನ್ನು, ಅಂದರೆ ಕ್ರ್ಯಾಂಕನ್ನು, ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ನೋಡಿ.

• ಎರಡೂ ಕ್ರ್ಯಾಂಕ್ ಒಟ್ಟಿಗೆ ಅಲುಗಾಡಿದರೆ: ಒಳಗಿನ ಕಪ್ ಸಡಿಲವಾಗಿದೆ, ಇಲ್ಲವೇ ಗುಂಡು ಸವೆದಿವೆ.
• ಒಂದೇ ಕ್ರ್ಯಾಂಕ್ ಅಲುಗಾಡಿ, ಇನ್ನೊಂದು ಸುಮ್ಮನಿದ್ದರೆ: ಆ ಬದಿಯ ಕಾಟರ್ ಪಿನ್ ಸಡಿಲವಾಗಿದೆ.
• ಕ್ರ್ಯಾಂಕ್ ಗಟ್ಟಿಯಿದ್ದು ಪೆಡಲ್ ಮಾತ್ರ ಅಲುಗಾಡಿದರೆ: ದೋಷ ಪೆಡಲ್‌ನಲ್ಲೇ ಇದೆ.

ಕಪ್ ಸಡಿಲವಾಗಿದ್ದರೆ

ಸರಿಪಡಿಸುವುದು ಎಡಬದಿಯ ಕಪ್ಪನ್ನು. ಅದರ ಮೇಲಿನ ಲಾಕ್ ರಿಂಗ್ ಸಡಿಲಿಸಿ. ಕಪ್ಪನ್ನು ಗಡಿಯಾರದ ದಿಕ್ಕಿಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಅಲುಗಾಟ ನಿಂತ ಕೂಡಲೇ ನಿಲ್ಲಿಸಿ. ಈಗ ಕಪ್ ತಿರುಗದಂತೆ ಹಿಡಿದು ಲಾಕ್ ರಿಂಗ್ ಬಿಗಿ ಮಾಡಿ. ಬಹಳ ಜನ ಎಡವುವುದು ಇಲ್ಲಿಯೇ: ರಿಂಗ್ ಬಿಗಿಯಾಗುವಾಗ ಕಪ್ಪನ್ನು ಕೂದಲೆಳೆಯಷ್ಟು ಹೊರಕ್ಕೆ ಎಳೆಯುತ್ತದೆ, ಹೋದ ಅಲುಗಾಟ ಮರಳುತ್ತದೆ. ಆದ್ದರಿಂದ ಮತ್ತೊಮ್ಮೆ ಅಲ್ಲಾಡಿಸಿ ನೋಡಿ. ಬೇಕಿದ್ದರೆ ಕಪ್ಪನ್ನು ಚೂರು ಹೆಚ್ಚು ಬಿಗಿ ಮಾಡಿ ಪುನಃ ರಿಂಗ್ ಹಾಕಿ. ಕೊನೆಗೆ ಕ್ರ್ಯಾಂಕ್ ಸರಾಗವಾಗಿ ತಿರುಗಬೇಕು, ಪಕ್ಕಕ್ಕೆ ಮಾತ್ರ ಅಲುಗಬಾರದು.

ಬಲಬದಿಯ ಕಪ್ ಯಾವಾಗಲೂ ಪೂರ್ತಿ ಬಿಗಿಯಾಗಿರಬೇಕು. ಅದರ ಮರೆ ಉಲ್ಟಾ, ಬಿಗಿಯಾಗುವುದು ಗಡಿಯಾರದ ವಿರುದ್ಧ ದಿಕ್ಕಿಗೆ.

ತಿರುಗಿಸುವಾಗ ಕರಕರ ಎಂದರೆ ಬಿಗಿ ಮಾಡಿ ಪ್ರಯೋಜನವಿಲ್ಲ. ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಆಕ್ಸಲ್ ಅಥವಾ ಕಪ್ಪಿನ ದಾರಿಯಲ್ಲಿ ಗುಳಿ ಬಿದ್ದಿದ್ದರೆ ಅದನ್ನೂ ಬದಲಿಸಿ. ಬಿಡಿ ಗುಂಡು ಹಾಕುವ ಸಾಮಾನ್ಯ ಸೈಕಲ್ಲಿಗೆ ಬದಿಗೆ ಕಾಲು ಇಂಚಿನ 11 ಗುಂಡುಗಳು. ಹೊಸ ಗುಂಡನ್ನು ಹಳೆಯದರ ಜೊತೆ ಬೆರೆಸಬೇಡಿ. ಗ್ರೀಸ್ ತುಂಬಿಸಿ ಜೋಡಿಸುವಾಗ ಆಕ್ಸಲ್‌ನ ಉದ್ದದ ತುದಿ ಚೈನ್ ಚಕ್ರದ ಕಡೆಗಿರಲಿ.

ಕಾಟರ್ ಪಿನ್ ಸಡಿಲವಾಗಿದ್ದರೆ

ಸವೆದ ಪಿನ್ನಿಗೆ ಸುತ್ತಿಗೆ ಪೆಟ್ಟು ಕೊಟ್ಟು ದಿನ ದೂಡಬೇಡಿ, ಹೊಸದು ಹಾಕಿ. ಹಳೆಯದನ್ನು ತೆಗೆಯಲು ನಟ್ಟನ್ನು ಪಿನ್ನಿನ ತುದಿಗೆ ಸಮ ಬರುವಷ್ಟು ಸಡಿಲಿಸಿ, ಮರದ ತುಂಡು ಇಟ್ಟು ಹೊಡೆಯಿರಿ. ಹೊಡೆಯುವಾಗ ಕ್ರ್ಯಾಂಕಿನ ಕೆಳಗೆ ಗಟ್ಟಿ ಕಬ್ಬಿಣದ ಕೊಳವೆಯ ಆಸರೆ ಇರಲಿ, ಇಲ್ಲದಿದ್ದರೆ ಪೆಟ್ಟು ಗುಂಡುಗಳಿಗೆ ಬೀಳುತ್ತದೆ.

ಹೊಸ ಪಿನ್ ಕೂರಿಸುವಾಗ ಒಂದು ಲೆಕ್ಕ: ಬಲ ಕ್ರ್ಯಾಂಕ್ ಮೇಲಿದ್ದಾಗ ನಟ್ ಹಿಂದಕ್ಕಿದ್ದರೆ, ಎಡ ಕ್ರ್ಯಾಂಕ್ ಮೇಲೆ ಬಂದಾಗಲೂ ನಟ್ ಹಿಂದಕ್ಕೇ ಇರಬೇಕು. ಇದು ತಪ್ಪಿದರೆ ಎರಡು ಕ್ರ್ಯಾಂಕ್ ಒಂದೇ ಗೆರೆಯಲ್ಲಿ ಬರುವುದಿಲ್ಲ. ಬರೀ ನಟ್ ತಿರುಗಿಸಿ ಪಿನ್ ಎಳೆಯಬೇಡಿ, ಮರೆ ಹಾಳಾಗುತ್ತದೆ. ಮೊದಲು ಹೊಡೆದು ಕೂರಿಸಿ, ಆಮೇಲೆ ನಟ್ ಬಿಗಿ ಮಾಡಿ. ಒಂದು ದಿನ ಓಡಿಸಿದ ಮೇಲೆ ಪಿನ್ ಇನ್ನಷ್ಟು ಒಳಗೆ ಕೂರುತ್ತದೆ. ಆಗ ನಟ್ಟನ್ನು ಮತ್ತೊಮ್ಮೆ ಬಿಗಿ ಮಾಡಲು ಮರೆಯಬೇಡಿ.

ಇದೆಲ್ಲ ಕೈಗೆ ಬಾರದಿದ್ದರೆ ಸಂಕೋಚ ಬೇಡ, ಪೇಟೆಯ ಸೈಕಲ್ ಶಾಪಿಗೆ ಒಯ್ಯಿರಿ. ರೋಗಪತ್ತೆ ನೀವೇ ಮಾಡಿಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ. ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಗ್ರೀಸ್ ಹಾಕಿಸಿ.

ಆ ಯಜಮಾನರ ಸೈಕಲ್ಲಿಗೆ ಬೇಕಾದದ್ದು ಒಂದು ಕಾಟರ್ ಪಿನ್ ಮಾತ್ರ. ಅದರ ಬೆಲೆ ವಾಪಸ್ ಬಂದ ಒಂದು ಹೊತ್ತಿನ ಹಾಲಿಗಿಂತ ಕಡಿಮೆ. ಮರುದಿನದಿಂದ ಅವರು ಸಂಜೆಯೂ ಡೈರಿಗೆ ಬರತೊಡಗಿದರು, ಹಾಲು ಮತ್ತೆ ವಾಪಸ್ ಹೋಗಲಿಲ್ಲ. ನಿಮ್ಮ ಹಾಲು ಒಡೆದರೆ ನನಗೆ ಫೋನ್ ಮಾಡಿ, ಬರುತ್ತೇನೆ. ಆದರೆ ಹಾಲು ಕರೆದ ಹೊತ್ತು, ಒಯ್ದ ಹೊತ್ತು ಎರಡನ್ನೂ ಮುಚ್ಚಿಡದೆ ಹೇಳಿ. ಹಸು ಬಾಯಿಬಿಟ್ಟು ಹೇಳಲಾರದು, ನೀವಾದರೂ ಹೇಳಬೇಕಲ್ಲ!